ಹನಿ ಎಣಿಸಿ ಕೆಟ್ಟಿದ್ದು: ಭಾವನ ಹವಳದ ತೊಟ್ಟಿ ಮತ್ತು ಒಂದು ಕ್ಯಾಲ್ಸಿಯಂ ರಿಯಾಕ್ಟರ್

ಡಿಸೆಂಬರ್ 23ರ ರಾತ್ರಿ ಭಾವ ಫೋನ್ ಮಾಡಿದರು. "ಮಾರಾಯ, ತೊಟ್ಟಿ ಆರೂವರೆಗೆ ಬಂದು ನಿಂತಿದೆ. ಗ್ಯಾಸು ಜಾಸ್ತಿ ಮಾಡಿದಷ್ಟೂ ಇಳೀತಾ ಇದೆ. ನಾಳೆ ಬರ್ತೀಯಾ?"

ಆರೂವರೆ ಅಂದರೆ ಆಲ್ಕಲಿನಿಟಿ, ಹವಳಕ್ಕೆ ಬೇಕಾದ ಕಾರ್ಬೊನೇಟ್ ನೀರಿನಲ್ಲಿ ಎಷ್ಟಿದೆ ಅನ್ನುವ ಅಳತೆ. ಅದರ ಮಾನ ಡಿಕೆಎಚ್. ಮೂರು ವರ್ಷದಿಂದ, ಭಾವ ಜೀವಂತ ಹವಳ ಸಾಕುವ ಆ ಉಪ್ಪುನೀರಿನ ತೊಟ್ಟಿ ಎಂಟರ ಆಸುಪಾಸಿನಿಂದ ಆಚೀಚೆ ಕದಲಿದ್ದಿಲ್ಲ. ಗ್ಯಾಸು ಅಂದರೆ ಕಾರ್ಬನ್ ಡೈಆಕ್ಸೈಡ್. ಅದನ್ನು ಜಾಸ್ತಿ ಮಾಡಿದರೆ ರಿಯಾಕ್ಟರ್ (ಸುಣ್ಣ ಕರಗಿಸಿ ತೊಟ್ಟಿಗೆ ಕೊಡುವ ಯಂತ್ರ) ಒಳಗಿನ ಸುಣ್ಣದ ಕಲ್ಲು ಜಾಸ್ತಿ ಕರಗಬೇಕು, ಆಲ್ಕಲಿನಿಟಿ ಏರಬೇಕು. ಇಲ್ಲಿ ಉಲ್ಟಾ ಆಗುತ್ತಿತ್ತು. ಮರುದಿನ ಬೆಳಿಗ್ಗೆ ಫಿಲಡೆಲ್ಫಿಯಾ ಕಡೆಯಿಂದ ಕಾರು ಹತ್ತಿ ನ್ಯೂಜೆರ್ಸಿಯ ಅವರ ಮನೆಗೆ ಹೋದೆ. ಆ ವಾರ ನಡೆದದ್ದು, ಆಮೇಲಿನ ಏಳು ತಿಂಗಳು ನಡೆದದ್ದು, ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಲೆಕ್ಕಗಳೆಲ್ಲ ಭಾವನ ನೋಟ್‌ಬುಕ್ಕಿನವು. ತಪ್ಪುಗಳಲ್ಲಿ ಅರ್ಧ ನನ್ನವು.

ಮೊದಲು ತೊಟ್ಟಿಯ ಪರಿಚಯ. 120 ಗ್ಯಾಲನ್ನಿನ ಗಾಜಿನ ತೊಟ್ಟಿ, ಕೆಳಗೆ ಬೇಸ್‌ಮೆಂಟಿನಲ್ಲಿ ಸಂಪ್. ಬೆಂಗಳೂರಿನವರು ಮನೆ ಮುಂದಿನ ಸಂಪ್ ನೆನೆಸಿಕೊಳ್ಳಬೇಡಿ. ಇದು ಹೀಟರು, ಸ್ಕಿಮ್ಮರು (ನೀರಿಗೆ ಗಾಳಿ ಗುಳ್ಳೆ ಬಿಟ್ಟು ಕೊಳೆ ತೆಗೆಯುವ ಯಂತ್ರ), ಪಂಪುಗಳನ್ನೆಲ್ಲ ಅಡಗಿಸಿಡುವ ಇನ್ನೊಂದು ಸಣ್ಣ ತೊಟ್ಟಿ. ಬಂಡೆ ಕಳೆದು, ಸಂಪ್ ಕೂಡಿ, ಒಟ್ಟು ನೀರು ಸುಮಾರು 500 ಲೀಟರ್. ಒಳಗೆ ಹೆಚ್ಚಾಗಿ ಗಟ್ಟಿ ಹವಳ: ಆಕ್ರೊಪೊರ, ಮಾಂಟಿಪೊರ. ಭಾವ ಮುರ್ಡೇಶ್ವರದ ಹತ್ತಿರದವರು. ನೇತ್ರಾಣಿ ದ್ವೀಪದ ಬಳಿ ಒಮ್ಮೆ ನೀರಿಗಿಳಿದು ನೋಡಿ ಬಂದ ಮೇಲೆ ಹತ್ತಿದ ಹುಚ್ಚು ಇದು. ಊರಲ್ಲಿ ಯಾರಾದರೂ ಇದನ್ನು ಓದಿ ಆಸೆಪಟ್ಟರೆ ಒಂದು ಮಾತು: ನಮ್ಮ ದೇಶದಲ್ಲಿ ಗಟ್ಟಿ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿ. ಕಡಲಿನಿಂದ ಒಂದು ಚೂರು ಮುರಿದು ತಂದರೂ ಅಪರಾಧ. ಭಾವನ ಹತ್ತಿರ ಇರುವುದೆಲ್ಲ ಇಲ್ಲಿನ ಹವ್ಯಾಸಿಗಳು ತೊಟ್ಟಿಯಲ್ಲೇ ಬೆಳೆಸಿ ಹಂಚಿಕೊಂಡ ತುಂಡುಗಳು.

ಹವಳ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಬೇಕಾದ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡನ್ನೂ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ 410ರಿಂದ 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಆಲ್ಕಲಿನಿಟಿ 7 ಡಿಕೆಎಚ್ ಹತ್ತಿರ. ಹವಳ 1 ಡಿಕೆಎಚ್ ಖರ್ಚು ಮಾಡಿದರೆ ಜೊತೆಗೆ ಲೀಟರಿಗೆ 7 ಮಿಲಿಗ್ರಾಂ ಕ್ಯಾಲ್ಸಿಯಂ ಖರ್ಚಾಗುತ್ತದೆ. ಈ ಜೋಡಿ ಲೆಕ್ಕದಿಂದಾಗಿ ಕೊರತೆ ಮೊದಲು ಕಾಣುವುದು ಆಲ್ಕಲಿನಿಟಿಯಲ್ಲಿ. ಎಂಟರಲ್ಲಿ ಎರಡು ಹೋದರೆ ಕಾಲು ಭಾಗ ಹೋದ ಹಾಗೆ. 420ರಲ್ಲಿ 14 ಹೋದರೆ ಮನೆಯ ಟೆಸ್ಟ್ ಕಿಟ್ಟಿಗೆ ಗೊತ್ತೂ ಆಗುವುದಿಲ್ಲ.

ಭಾವ ಡೋಸಿಂಗ್ (ಖರ್ಚಾದದ್ದನ್ನು ನೀರಿಗೆ ತುಂಬಿಕೊಡುವುದು) ನಿಲ್ಲಿಸಿ 12 ಗಂಟೆ ಬಿಟ್ಟು ಅಳೆದಾಗ 8.3 ಇದ್ದದ್ದು 7.1 ಆಗಿತ್ತು. ದಿನಕ್ಕೆ ಎರಡೂವರೆ ಡಿಕೆಎಚ್ ಅಂದುಕೊಳ್ಳೋಣ. 500 ಲೀಟರಿನಲ್ಲಿ ಇದು ದಿನಕ್ಕೆ 22 ಗ್ರಾಂ ಸುಣ್ಣದ ಕಲ್ಲು. ವರ್ಷಕ್ಕೆ 8 ಕಿಲೋ! ಗಾಜಿನ ಹಿಂದೆ ಸುಮ್ನೆ ಕೂತಂತೆ ಕಾಣುವ ಪ್ರಾಣಿ ವರ್ಷಕ್ಕೊಂದು ಅಕ್ಕಿ ಚೀಲದಷ್ಟು ಕಲ್ಲು ಕಟ್ಟುತ್ತದೆ ಅಂದರೆ ನನಗೆ ಈಗಲೂ ಆಶ್ಚರ್ಯ.

ಅಲ್ಲಿಯವರೆಗೆ ಈ ಹಸಿವನ್ನು ತಣಿಸುತ್ತಿದ್ದದ್ದು ಎರಡು ಡಬ್ಬಿಯ ಡೋಸಿಂಗ್. ಒಂದರಲ್ಲಿ ಅಡಿಗೆ ಸೋಡಾ ಕರಗಿಸಿದ ನೀರು, ಇನ್ನೊಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್. ದಿನಕ್ಕೆ 37 ಗ್ರಾಂ ಸೋಡಾ. ಕೆಲಸ ಚೆನ್ನಾಗೇ ನಡೆಯುತ್ತಿತ್ತು. ಆದರೆ ಒಂದರ ಸೋಡಿಯಂ, ಇನ್ನೊಂದರ ಕ್ಲೋರೈಡ್ ಹಿಂದೆ ಉಳಿದು ಉಪ್ಪಾಗುತ್ತವೆ, ದಿನಕ್ಕೆ ಸುಮಾರು 26 ಗ್ರಾಂ. ತಿಂಗಳಿಗೆ ಮುಕ್ಕಾಲು ಕಿಲೋ. ನೀರು ಬದಲಾಯಿಸುವುದು ಒಂದು ವಾರ ತಪ್ಪಿದರೂ ಉಪ್ಪಿನಂಶ ಏರುತ್ತಿತ್ತು. ಜೊತೆಗೆ ಡಬ್ಬಿ ತುಂಬಿಸುವ ರಗಳೆ.

ಸುಣ್ಣದ ತಿಳಿಯನ್ನೂ ಯೋಚಿಸಿದ್ದರು. ಆವಿಯಾದ ನೀರಿನ ಜಾಗಕ್ಕೆ ಸಾದಾ ನೀರಿನ ಬದಲು ಸುಣ್ಣದ ತಿಳಿ ಹಾಕುವುದು. ಹಳೆಯ, ಒಳ್ಳೆಯ ಉಪಾಯ. ಆದರೆ ದಿನಕ್ಕೆ ಆವಿಯಾಗುವುದು 6 ಲೀಟರ್. ಸುಣ್ಣ ಇನ್ನು ಕರಗಲಾರದು ಅನ್ನುವಷ್ಟು ಗಟ್ಟಿ ತಿಳಿ ಹಾಕಿದರೂ 1.4 ಡಿಕೆಎಚ್‌ಗಿಂತ ಮೇಲೆ ಹೋಗುವುದಿಲ್ಲ. ಅರ್ಧ ಹೊಟ್ಟೆ ಅಷ್ಟೆ. ಹೀಗಾಗಿ ಒಂದು ಸೆಕೆಂಡ್ ಹ್ಯಾಂಡ್ ರಿಯಾಕ್ಟರ್ ಮನೆಗೆ ಬಂತು.

ರಿಯಾಕ್ಟರ್ ಏನು ಮಾಡುತ್ತದೆ ಅಂತ ತಿಳಿಯಲು ಬೋರ್‌ವೆಲ್ ನೀರಿನ ಗೀಸರ್ ನೆನೆಸಿಕೊಂಡರೆ ಸಾಕು. ಗಡಸು ನೀರು ಕಾದಾಗ ಅದರೊಳಗಿನ ಗ್ಯಾಸು ಹಾರಿ, ಕರಗಿದ್ದ ಸುಣ್ಣ ಕಾಯಿಲ್ ಮೇಲೆ ಬಿಳಿ ಚಿಪ್ಪಾಗಿ ಕೂರುತ್ತದೆ, ಅಲ್ವಾ? ಇದು ಅದನ್ನೇ ಹಿಂದುಮುಂದು ಮಾಡುತ್ತದೆ. ಒಂದು ಕೊಳವೆಯಂಥ ಡಬ್ಬಿಯಲ್ಲಿ ಸತ್ತ ಹವಳದ ಚೂರು ತುಂಬಿ, ತೊಟ್ಟಿಯ ನೀರನ್ನು ಒಳಗೇ ಸುತ್ತಿಸಿ, ಸಿಲಿಂಡರಿನಿಂದ ಗ್ಯಾಸು ಗುಳ್ಳೆ ಗುಳ್ಳೆಯಾಗಿ ಬಿಡುವುದು. ನೀರು ಸೋಡಾದ ಹಾಗೆ ಹುಳಿಯಾಗಿ ಪಿಎಚ್ 6.5ರಿಂದ 6.8ಕ್ಕೆ ಇಳಿಯುತ್ತದೆ. ಆ ಹುಳಿಗೆ ಸುಣ್ಣ ಕರಗುತ್ತದೆ. ಆ ನೀರು ಸಣ್ಣ ಪೈಪಿನಲ್ಲಿ ಸಂಪಿಗೆ ಬರುತ್ತದೆ. ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ಹವಳಕ್ಕೆ ಬೇಕಾದ ಪ್ರಮಾಣದಲ್ಲೇ ಒಟ್ಟಿಗೆ ಬರುತ್ತವೆ, ಉಪ್ಪಿನ ಬಾಕಿ ಇಲ್ಲ. ಮನೆ ತೊಟ್ಟಿಗಳಲ್ಲಿ ಇದು ಬಳಕೆಗೆ ಬಂದದ್ದು 1990ರ ದಶಕದಲ್ಲಿ, ಜರ್ಮನಿಯ ಕಡೆಯಿಂದ.

ಭಾವನ ಜೋಡಣೆ ಹೀಗಿತ್ತು. ಒಳಗೆ ನಾಲ್ಕು ಕಿಲೋ ಹವಳದ ಚೂರು. ಪಿಎಚ್ ಕಂಟ್ರೋಲರ್ 6.7ಕ್ಕೆ. ಒಳಗಿನ ಪಿಎಚ್ ಅದಕ್ಕಿಂತ ಕೆಳಗಿಳಿದರೆ ಗ್ಯಾಸಿನ ವಾಲ್ವ್ ತಾನಾಗಿ ಮುಚ್ಚುತ್ತದೆ. ನೀರು ಹೊರಗೆ ಬರುವಲ್ಲಿ ಒಂದು ಸೂಜಿ ವಾಲ್ವ್, ನಿಮಿಷಕ್ಕೆ 100 ಹನಿ. "ಶುರುವಿಗೆ ಅಷ್ಟಿಟ್ಟರೆ ಸಾಕು, ಆಮೇಲೆ ಗ್ಯಾಸು ನೋಡಿಕೊಂಡು ಏರಿಸಿ" ಅಂತ ಮಾರಿದವರು ಹೇಳಿದ್ದರಂತೆ.

24ರ ಬೆಳಿಗ್ಗೆ ಬೇಸ್‌ಮೆಂಟಿಗೆ ಇಳಿದಾಗ ಮೊದಲು ಕೇಳಿಸಿದ್ದು ಗೊರಗೊರ ಸದ್ದು. ರಿಯಾಕ್ಟರಿನ ನೆತ್ತಿಯಲ್ಲಿ ನಾಲ್ಕು ಬೆರಳಷ್ಟು ಗ್ಯಾಸು ತುಂಬಿ, ನೀರು ಸುತ್ತಿಸುವ ಪಂಪು ಅದನ್ನೇ ಎಳೆದುಕೊಂಡು ಒದ್ದಾಡುತ್ತಿತ್ತು. ಕಂಟ್ರೋಲರ್ 6.18 ತೋರಿಸುತ್ತಿತ್ತು. ತೊಟ್ಟಿಯ ಪಿಎಚ್ 7.72. ಮೇಲೆ ಹೋಗಿ ನೋಡಿದರೆ ಎಡಗಡೆಯ ನೀಲಿ ಆಕ್ರೊಪೊರ ಬುಡದಿಂದ ಬಿಳಿಚಿಕೊಂಡು ಬರುತ್ತಿತ್ತು. ಚರ್ಮ ಸುಲಿದ ಹಾಗೆ, ದಿನಕ್ಕೊಂದು ಉಗುರಿನಷ್ಟು.

ನನ್ನ ಅನುಮಾನ ಪಿಎಚ್ ಪ್ರೋಬಿನ ಮೇಲೆ, ಅಂದರೆ ನೀರಿನಲ್ಲಿ ಅದ್ದಿಟ್ಟು ಪಿಎಚ್ ಅಳೆಯುವ ಕಡ್ಡಿಯ ಮೇಲೆ. ಅರ್ಧ ದಿನ ಅದಕ್ಕೇ ಹೋಯಿತು. 7 ಮತ್ತು 4ರ ದ್ರಾವಣದಲ್ಲಿ ಅದ್ದಿ ನೋಡಿದರೆ 0.15 ಜಾಸ್ತಿ ತೋರಿಸುತ್ತಿತ್ತು. (ತೊಟ್ಟಿಯ ಪ್ರೋಬಿಗೆ 7 ಮತ್ತು 10 ಬಳಸುತ್ತೇವೆ. ರಿಯಾಕ್ಟರಿನದು ಏಳರ ಕೆಳಗೆ ಕೆಲಸ ಮಾಡುವುದರಿಂದ 7 ಮತ್ತು 4.) ಅಂದರೆ ಒಳಗೆ ನಿಜಕ್ಕೂ ಇದ್ದದ್ದು 6.0ರ ಹತ್ತಿರ. "ಸಿಕ್ಕಿತು ಕಳ್ಳ" ಅಂದೆ.

ಭಾವ ಸುಮ್ಮನಿರಲಿಲ್ಲ. "ಹಾಗಾದ್ರೆ ಇನ್ನೂ ಜಾಸ್ತಿ ಕರಗಿರಬೇಕಲ್ವನಾ? ಆಲ್ಕಲಿನಿಟಿ ಏರಬೇಕಿತ್ತು."

ಹೌದಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

ರಿಯಾಕ್ಟರಿನ ಡಬ್ಬಿ ಬಿಚ್ಚಿದೆವು. ಮೇಲಿನ ಚೂರುಗಳು ಗಟ್ಟಿಯಾಗಿದ್ದವು. ಕೈ ಕೆಳಗಿಳಿಸಿದರೆ ತಳದಲ್ಲಿ ಮೂರು ಇಂಚು ದೋಸೆ ಹಿಟ್ಟು. ಬೆರಳಿನ ನಡುವೆ ಜಾರುವ, ಬಿಳಿ, ನುಣ್ಣನೆ ಹಿಟ್ಟು. ಪಿಎಚ್ ಅಷ್ಟು ಕೆಳಗಿಳಿದರೆ ಹವಳದ ಚೂರು ಹೊರಗಿನಿಂದ ಕರಗುವ ಬದಲು ಉದುರಿ ಕೆಸರಾಗುತ್ತದೆ. ಆ ಹಿಟ್ಟೇ ಹೋಗಿ ಸೂಜಿ ವಾಲ್ವಿನ ಬಾಯಿಗೆ ಕೂತಿತ್ತು. ಹಿಂದಿನ ರಾತ್ರಿ 100 ಹನಿಗೆ ಇಟ್ಟದ್ದು ಬೆಳಿಗ್ಗೆ 35ಕ್ಕೆ ಇಳಿದಿತ್ತು.

ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ಸ್ಕ್ರಬ್ಸ್ ಕೂಡ ಬದಲಾಯಿಸದೆ ಮೆಟ್ಟಿಲ ಮೇಲೆ ನಿಂತು ನೋಡಿದಳು. ನಾವಿಬ್ಬರೂ ಪೈಪಿನ ಮುಂದೆ ಕೂತು, ಮೊಬೈಲಲ್ಲಿ ಟೈಮರ್ ಹಾಕಿಕೊಂಡು ಹನಿ ಎಣಿಸುತ್ತಿದ್ದೆವು.

"ಇದೇನ್ರೀ, ಡ್ರಿಪ್ ಹಾಕಿದೀರಾ? ಗಂಟೆಗೆ ಎಷ್ಟು ಎಂಎಲ್?"

"ನಿಮಿಷಕ್ಕೆ ನೂರು ಹನಿ" ಅಂದರು ಭಾವ.

"ಹನಿ ಕೇಳ್ಲಿಲ್ಲ ನಾನು. ನಮ್ಮಲ್ಲಿ 20 ಹನಿಗೆ ಒಂದು ಎಂಎಲ್ ಆಗೋ ಸೆಟ್ ಬೇರೆ, 60 ಹನಿಗೆ ಒಂದು ಎಂಎಲ್ ಆಗೋ ಸೆಟ್ ಬೇರೆ. ನಿಮ್ಮ ಈ ಪೈಪು ಯಾವ ಸೆಟ್ಟು?"

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಕ್ಕ ಮೇಲೆ ಹೋಗಿ ಮಗನ ಕೆಮ್ಮಿನ ಔಷಧಿಯ ಜೊತೆ ಬಂದಿದ್ದ ಪ್ಲಾಸ್ಟಿಕ್ ಕಪ್ ತಂದಳು. ವಾಲ್ವ್ ತೊಳೆದು, 100 ಹನಿಗೆ ಇಟ್ಟು, ಒಂದು ನಿಮಿಷ ಕಪ್ ಹಿಡಿದೆವು. ನೀರು 5 ಎಂಎಲ್ ಗೆರೆಗೆ ಬಂದು ನಿಂತಿತು.

ಅಲ್ಲಿಂದ ಮುಂದೆ ಎಲ್ಲ ಬರೀ ಗುಣಾಕಾರ. ನಿಮಿಷಕ್ಕೆ 5 ಎಂಎಲ್ ಅಂದರೆ ದಿನಕ್ಕೆ 7.2 ಲೀಟರ್. ಡಬ್ಬಿ ಬಿಚ್ಚುವ ಮೊದಲು ಹೊರಬರುತ್ತಿದ್ದ ನೀರನ್ನು ಹಿಡಿದಿಟ್ಟಿದ್ದೆ. ಒಂದು ಪಾಲು ಅದು, ನಾಲ್ಕು ಪಾಲು ಆರ್‌ಒ ನೀರು ಬೆರೆಸಿ ಟೆಸ್ಟ್ ಮಾಡಿದರೆ 8.8 ಬಂತು. ಐದರಿಂದ ಗುಣಿಸಿದರೆ 44 ಡಿಕೆಎಚ್. ತೊಟ್ಟಿಯಿಂದ ಒಳಗೆ ಹೋಗುವ ನೀರೇ 8 ಇರಬೇಕಾದದ್ದು. ಹಾಗಾಗಿ ಪ್ರತಿ ಲೀಟರೂ ಹೊಸದಾಗಿ ತರುವುದು 36. ಅದನ್ನು 7.2ರಿಂದ ಗುಣಿಸಿ 500ಕ್ಕೆ ಹಂಚಿದರೆ ದಿನಕ್ಕೆ ಬರೀ ಅರ್ಧ ಡಿಕೆಎಚ್. ಬೇಕಾದದ್ದು ಎರಡೂವರೆ!

ಇನ್ನೊಂದು ಕಡೆಯಿಂದ ನೋಡಿದೆವು. ಇಷ್ಟೇ ಹನಿಯಲ್ಲಿ ಎರಡೂವರೆ ಬರಬೇಕಾದರೆ ಆ ನೀರು 180 ಡಿಕೆಎಚ್ ಇರಬೇಕಿತ್ತು. ಈ ಯಂತ್ರದಿಂದ ಅದು ಸಾಧ್ಯವೇ ಇಲ್ಲದ ಮಾತು. ಇಷ್ಟು ದಿನ ಭಾವ ಗ್ಯಾಸಿನ ಗುಂಡಿ ತಿರುಗಿಸುತ್ತಿದ್ದರು. ಕೊರತೆ ಇದ್ದದ್ದು ನೀರಿನದ್ದು.

ಹಾಗಾದರೆ ಗ್ಯಾಸು ಏರಿಸಿದಾಗೆಲ್ಲ ಆಲ್ಕಲಿನಿಟಿ ಇಳಿದದ್ದು ಯಾಕೆ? ಉತ್ತರ ನೋಟ್‌ಬುಕ್ಕಿನಲ್ಲೇ ಇತ್ತು, ಬೇರೆ ಪುಟದಲ್ಲಿ. ಡಿಸೆಂಬರ್ 17ಕ್ಕೆ 8.3. ಅವತ್ತು ರಿಯಾಕ್ಟರ್ ನಂಬಿ ಡಬ್ಬಿಯ ಡೋಸಿಂಗನ್ನು ಮುಕ್ಕಾಲಿಗೆ ಇಳಿಸಿದ್ದರು. 19ಕ್ಕೆ 7.8. ಗ್ಯಾಸು ಏರಿಸಿ ಪಿಎಚ್ 6.5 ಮಾಡಿ, "ಇನ್ನು ಸಾಕಾಗುತ್ತೆ" ಅಂತ ಡೋಸಿಂಗ್ ಅರ್ಧಕ್ಕೆ. 21ಕ್ಕೆ 7.1. ಮತ್ತೆ ಗ್ಯಾಸು, ಪಿಎಚ್ 6.2. ಆಗ ಒಳಗೆ ಹಿಟ್ಟಾಗಿ ಹನಿಯೂ ಕಟ್ಟಿತು. 23ಕ್ಕೆ 6.5. ಗ್ಯಾಸು ಏರಿಸಿದ್ದು ಒಂದು ಪುಟದಲ್ಲಿ, ಡೋಸಿಂಗ್ ಇಳಿಸಿದ್ದು ಇನ್ನೊಂದು ಪುಟದಲ್ಲಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ. ಅವರನ್ನು ಬೈಯುವ ಹಾಗಿಲ್ಲ. ಅದೇ ನೋಟ್‌ಬುಕ್ ಬೆಳಿಗ್ಗೆಯಿಂದ ನನ್ನ ತೊಡೆಯ ಮೇಲೆ ಇತ್ತು, ನಾನು ಪ್ರೋಬ್ ತೊಳೆಯುತ್ತಿದ್ದೆ.

ಆ ರಾತ್ರಿ ಮಾಡಿದ್ದು ಇಷ್ಟೆ. ರಿಯಾಕ್ಟರ್ ಬಂದ್. ಡೋಸಿಂಗ್ ಪೂರ್ತಿ ವಾಪಸ್, ಮೇಲೆ ಸ್ವಲ್ಪ ಹೆಚ್ಚುವರಿ, ದಿನಕ್ಕೆ ಅರ್ಧ ಡಿಕೆಎಚ್ ಮಾತ್ರ ಏರುವ ಹಾಗೆ. ಒಂದೇ ಸಲಕ್ಕೆ ಎಂಟಕ್ಕೆ ಎತ್ತುವ ಆಸೆ ಆಗುತ್ತದೆ. ಮಾಡಬಾರದು. ಸೋತ ಹವಳಕ್ಕೆ ಇಳಿದದ್ದಕ್ಕಿಂತ ಆ ಏಟು ಜೋರು. ನೀಲಿ ಆಕ್ರೊಪೊರದ ತುದಿಗಳಲ್ಲಿ ಇನ್ನೂ ಜೀವ ಇತ್ತು. ಮೂರು ತುದಿ ಕತ್ತರಿಸಿ ಸೂಪರ್ ಗ್ಲೂ ಜೆಲ್‌ನಲ್ಲಿ ಸಣ್ಣ ಕಲ್ಲಿಗೆ ಅಂಟಿಸಿದೆವು. ತಾಯಿ ಗಿಡ ಎರಡು ದಿನದಲ್ಲಿ ಪೂರ್ತಿ ಬೆಳ್ಳಗಾಯಿತು. (ಗಿಡ ಅಲ್ಲ, ಪ್ರಾಣಿ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಗಿಡ ಅಂತಲೇ ಕರೆಯುವುದು.)

ರಿಯಾಕ್ಟರಿನ ಡಬ್ಬಿಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚೂರು ತಂದು, ತೊಳೆದು ತುಂಬಿದೆವು. ಸೂಜಿ ವಾಲ್ವ್ ಕಿತ್ತೆಸೆದು ಅದರ ಜಾಗಕ್ಕೆ ಪೆರಿಸ್ಟಾಲ್ಟಿಕ್ ಪಂಪ್ ಹಾಕಿದೆವು. ಮೆತ್ತನೆಯ ಟ್ಯೂಬನ್ನು ಉರುಳೆಗಳು ಹಿಂಡುತ್ತಾ ನೀರು ದೂಡುವ ಪಂಪು. ಡಯಾಲಿಸಿಸ್ ಯಂತ್ರದಲ್ಲಿ ರಕ್ತ ದೂಡುವುದೂ ಇದೇ ಜಾತಿ ಅಂದಳು ಅಕ್ಕ. ಇದರಲ್ಲಿ ವಾಲ್ವಿನ ಬಾಯಿ ಅನ್ನುವುದೇ ಇಲ್ಲ, ಕಟ್ಟಿಕೊಳ್ಳುವುದು ಕಡಿಮೆ. ಆದರೆ ದಿನಕ್ಕೆ ಹತ್ತು ನಿಮಿಷ ಓಡುವ ಡೋಸಿಂಗ್ ಪಂಪು ಇಲ್ಲಿ ನಡೆಯುವುದಿಲ್ಲ. 24 ಗಂಟೆ ಓಡುವುದೇ ಬೇಕು. ಬೆಲೆ ಜಾಸ್ತಿ. ಈ ಯಂತ್ರಕ್ಕೆ ದುಡ್ಡು ಹಾಕುವವರು ಮೊದಲು ಈ ಪಂಪಿಗೆ ಹಾಕಲಿ, ಕಂಟ್ರೋಲರು ಆಮೇಲೆ ಅನ್ನುವುದು ನನ್ನ ಅಭಿಪ್ರಾಯ.

ನಿಮಿಷಕ್ಕೆ 40 ಎಂಎಲ್ ಇಟ್ಟೆವು. ಔಷಧಿ ಕಪ್ ಸಾಲದು, ಅಡಿಗೆಮನೆಯ ಅಳತೆ ಲೋಟ ಬಂತು. ದಿನಕ್ಕೆ 57.6 ಲೀಟರ್. ಈಗ ಎರಡೂವರೆ ಬರಬೇಕಾದರೆ ಹೊರಬರುವ ನೀರು ಬರೀ 30 ಡಿಕೆಎಚ್ ಇದ್ದರೆ ಸಾಕು. ನೀರಿನ ವೇಗವನ್ನು ಇನ್ನು ಮುಟ್ಟುವುದಿಲ್ಲ ಅಂತ ಪಂಪಿನ ಮೇಲೆ ಟೇಪ್ ಅಂಟಿಸಿ ತಾರೀಕು ಬರೆದೆವು. ತಿರುಗಿಸಲು ಉಳಿದದ್ದು ಗ್ಯಾಸಿನ ಗುಂಡಿ ಒಂದೇ. ಪಿಎಚ್ 6.7ರಲ್ಲಿ 24 ಬಂತು. ಎರಡು ದಿನ ಬಿಟ್ಟು 6.6ಕ್ಕೆ ಇಳಿಸಿದೆವು, 30 ಬಂತು. ಡಬ್ಬಿಯ ಡೋಸಿಂಗನ್ನು ದಿನಕ್ಕೆ ಕಾಲು ಭಾಗದಂತೆ ಇಳಿಸಿ ನಿಲ್ಲಿಸಿದೆವು. ದಿನವೂ ಸಂಜೆ ಏಳಕ್ಕೆ, ಅದೇ ಹೊತ್ತಿಗೆ, ಅಳತೆ. ಜನವರಿ 3ಕ್ಕೆ 8.1, 5ಕ್ಕೆ 8.0, 8ಕ್ಕೆ 8.2.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಸಂಕ್ರಾಂತಿ ಬಂತು.

ಅಕ್ಕನ ಮನೆಯಲ್ಲಿ ಅವತ್ತು ಎಳ್ಳುಬೆಲ್ಲಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನ. ಹೊರಗೆ ಮೈ ಕೊರೆಯುವ ಚಳಿ, ಎಲ್ಲ ಕಿಟಕಿ ಬಂದ್. ರಾತ್ರಿ ಹತ್ತಕ್ಕೆ ಭಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಕೈಯಲ್ಲಿ ಸಕ್ಕರೆ ಅಚ್ಚು ಇನ್ನೂ ಇತ್ತು. "ತೊಟ್ಟಿ ಪಿಎಚ್ 7.68 ಮಾರಾಯ. ರಿಯಾಕ್ಟರ್ ಮತ್ತೆ ಕೈ ಕೊಟ್ಟಿತು." ಆಲ್ಕಲಿನಿಟಿ ಅಳೆದರೆ 8.1, ಅಲ್ಲಾಡಿರಲಿಲ್ಲ. ರಿಯಾಕ್ಟರಿನ ತಪ್ಪಲ್ಲ, ನಮ್ಮೆಲ್ಲರ ಉಸಿರು. ಮುಚ್ಚಿದ ಮನೆಯಲ್ಲಿ ಅಷ್ಟು ಜನ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಸ್ಕಿಮ್ಮರು ಗಾಳಿಯ ಜೊತೆ ಎಳೆದು ನೀರಿಗೆ ಬೆರೆಸುತ್ತಿತ್ತು. ಕಿಟಕಿ ಒಂದು ಗೇಣು ತೆಗೆದಿಟ್ಟೆವು. ಬೆಳಿಗ್ಗೆ 7.9.

ಆದರೆ ರಿಯಾಕ್ಟರ್ ಪೂರ್ತಿ ನಿರಪರಾಧಿಯೂ ಅಲ್ಲ. ಅದರಿಂದ ಬರುವ ನೀರಿನಲ್ಲಿ ಬಳಕೆಯಾಗದ ಗ್ಯಾಸು ಸ್ವಲ್ಪ ಉಳಿದೇ ಇರುತ್ತದೆ. ಹಾಗಾಗಿ ಎರಡು ಕೆಲಸ ಮಾಡಿದೆವು. ಹೊರಬರುವ ನೀರನ್ನು ಚೂರು ತುಂಬಿದ ಇನ್ನೊಂದು ಡಬ್ಬಿಯ ಮೂಲಕ ಹಾಯಿಸಿದೆವು, ಉಳಿದ ಹುಳಿ ಅಲ್ಲಿ ಇನ್ನಷ್ಟು ಸುಣ್ಣ ಕರಗಿಸಿ ಖರ್ಚಾಗಲಿ ಅಂತ. ಸ್ಕಿಮ್ಮರಿನ ಗಾಳಿ ಪೈಪನ್ನು ಬೇಸ್‌ಮೆಂಟ್ ಕಿಟಕಿಯಿಂದ ಹೊರಗೆ ಬಿಟ್ಟೆವು. ಎರಡನೆಯದೇ ಜಾಸ್ತಿ ಕೆಲಸ ಮಾಡಿತು. ಖರ್ಚು ಒಂದು ಉದ್ದ ಪೈಪು.

ಏಪ್ರಿಲ್ ಕೊನೆಯಲ್ಲಿ ಸಿಲಿಂಡರ್ ಖಾಲಿಯಾಯಿತು. ಐದು ಪೌಂಡಿನದು. 22 ಗ್ರಾಂ ಸುಣ್ಣ ಕರಗಿಸಲು ಹತ್ತು ಗ್ರಾಂ ಗ್ಯಾಸು ಸಾಕು. ಆ ಲೆಕ್ಕದಲ್ಲಿ ಏಳೂವರೆ ತಿಂಗಳು ಬರಬೇಕು. ಬಂದದ್ದು ನಾಲ್ಕು ತಿಂಗಳು, ಉಳಿದದ್ದು ನೀರಿನ ಜೊತೆ ಹೋಗಿ ಗಾಳಿ ಸೇರಿತು. ಸಿಲಿಂಡರ್ ಮುಗಿಯುವ ಹೊತ್ತು ಸ್ವಲ್ಪ ಅಪಾಯದ ಹೊತ್ತು. ಒಳಗೆ ದ್ರವ ಇರುವವರೆಗೆ ಮೀಟರಿನ ಮುಳ್ಳು ಕದಲುವುದೇ ಇಲ್ಲ, ಮುನ್ಸೂಚನೆ ಸಿಗುವುದಿಲ್ಲ. ದ್ರವ ಮುಗಿದು ಒತ್ತಡ ಬೀಳುತ್ತಿದ್ದಂತೆ ಅಗ್ಗದ ಒಂದೇ ಹಂತದ ರೆಗ್ಯುಲೇಟರ್ ಗ್ಯಾಸನ್ನು ಇನ್ನೂ ಜೋರಾಗಿ ಬಿಡುತ್ತದೆ. ಭಾವನದು ಅಂಥದ್ದೇ. ಕಂಟ್ರೋಲರ್ ವಾಲ್ವ್ ಮುಚ್ಚಿದ್ದರಿಂದ ಉಳಿದುಕೊಂಡೆವು. ನಾನು ಕಂಟ್ರೋಲರಿನ ಬಗ್ಗೆ ಹಗುರವಾಗಿ ಮಾತಾಡಿದ್ದೆ, ಅವತ್ತು ಮಾತು ವಾಪಸ್ ತೆಗೆದುಕೊಂಡೆ. ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ್ದೇವೆ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಬೇಸ್‌ಮೆಂಟಿನ ನೆಲಮಟ್ಟದಲ್ಲೇ ತುಂಬುತ್ತದೆ. ಅದಕ್ಕೆ ಅಕ್ಕ ಒಂದು ಅಲಾರಂ ತಂದು ಸಿಕ್ಕಿಸಿದ್ದಾಳೆ.

ಮೊನ್ನೆ ಜುಲೈಯಲ್ಲಿ ಭಾವ ಮತ್ತೆ ಫೋನ್ ಮಾಡಿದರು. ಈ ಸಲ ಧ್ವನಿಯಲ್ಲಿ ಗಾಬರಿ ಇರಲಿಲ್ಲ. "ಎರಡು ದಿನದಲ್ಲಿ 7.5ಕ್ಕೆ ಬಂದಿದೆ. ಗ್ಯಾಸು ಮುಟ್ಟಿಲ್ಲ. ಲೋಟ ಹಿಡಿದೆ, 33 ಎಂಎಲ್."

ಪಂಪಿನೊಳಗಿನ ಟ್ಯೂಬು ಸವೆದಿತ್ತು. ಹೊಸದು ಹಾಕಿ, 40ಕ್ಕೆ ತಂದು, ಟೇಪಿನ ಮೇಲೆ ಹೊಸ ತಾರೀಕು ಬರೆದರಂತೆ. ಅಂಟಿಸಿದ ಮೂರು ನೀಲಿ ತುದಿಗಳಲ್ಲಿ ಎರಡು ಉಳಿದಿವೆ. ಒಂದು ಕಿರುಬೆರಳಿನಷ್ಟು ಉದ್ದವಾಗಿದೆ.